ಓದುಗರ ಪ್ರಶ್ನೆ, ನಮ್ಮ ಉತ್ತರ: ಅಲೆ ಕುಸಿದು ಕಪ್ಪುಕುಳಿಯಾಗುವ ಬಗೆ

ಕಳೆದ ಸಂಚಿಕೆಯಲ್ಲಿ ನಕ್ಷತ್ರಗಳ ಅವಸಾನದ ಬಗ್ಗೆ ಬಂದ ಪ್ರಶ್ನೆಯೊಂದಕ್ಕೆ ಉತ್ತರಿಸುತ್ತ, ನಕ್ಷತ್ರವೇ ಇಲ್ಲದೆ ‘ಅದಿಶ ಕ್ಷೇತ್ರ’ವೊಂದರ ಬರಿಯ ಅಲೆಯಿಂದಲೂ ಕಪ್ಪುಕುಳಿ (ಬೆಳಕೂ ಹೊರಬರಲಾರದ ಜಾಗ) ಹುಟ್ಟಬಹುದು, ಅದನ್ನು ಮನೆಯ ಕಂಪ್ಯೂಟರಿನಲ್ಲಿಯೇ ಲೆಕ್ಕ ಹಾಕಿ ನೋಡಬಹುದು ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೆ. ಆ ಸಾಲಿಗೆ ಇಷ್ಟು ಪತ್ರಗಳು ಬರುತ್ತವೆಂದು ಎಣಿಸಿರಲಿಲ್ಲ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ಪತ್ರಗಳನ್ನು ಚಿಕ್ಕದಾಗಿಸಿದ್ದೇನೆ, ಅರ್ಥವನ್ನು ಬದಲಿಸಿಲ್ಲ.

ಪ್ರಶ್ನೆ: ಕಪ್ಪುಕುಳಿಯಾಗಬೇಕಾದರೆ ಭಾರವಾದ ವಸ್ತು ಬೇಕು ಎಂದು ನಾನು ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಅಲೆಗೆ ತೂಕವೆಲ್ಲಿಂದ ಬಂತು? ನೀವು ಹೇಳುವ ‘ಅದಿಶ ಕ್ಷೇತ್ರ’ ಎಂದರೆ ಏನು? (ನಿವೃತ್ತ ಶಿಕ್ಷಕರು, ಗದಗ)

ಉತ್ತರ: ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಹುಬ್ಬಳ್ಳಿಯಿಂದ ಅಣ್ಣಿಗೇರಿ ದಾರಿಯಾಗಿ ನಿಮ್ಮ ಗದಗದವರೆಗೆ ಬರುತ್ತ, ದಾರಿಯ ಪ್ರತಿಯೊಂದು ಜಾಗದ ತಾಪಮಾನವನ್ನು ಬರೆದುಕೊಂಡರೆ, ಜಾಗಕ್ಕೊಂದು ಸಂಖ್ಯೆ ಸಿಗುತ್ತದೆ, ಆ ಸಂಖ್ಯೆಗೆ ದಿಕ್ಕಿಲ್ಲ. ಅದೇ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯನ್ನು ಬರೆದುಕೊಳ್ಳಬೇಕಾದರೆ ವೇಗದ ಜೊತೆಗೆ ದಿಕ್ಕನ್ನೂ ಬರೆಯಬೇಕು. ಮೊದಲನೆಯದು ಅದಿಶ, ಎರಡನೆಯದು ಸದಿಶ. ಇಷ್ಟು ಹೆಸರಿನ ಮಾತಾಯಿತು. ಆದರೆ ತಾಪಮಾನ ಎನ್ನುವುದು ಗಾಳಿಯ ಕಣಗಳ ಚಲನೆಯ ಲೆಕ್ಕವೇ ಹೊರತು ತಾನಾಗಿ ಇರುವ ವಸ್ತುವಲ್ಲ. ಭೌತವಿಜ್ಞಾನಿಗಳು ಮಾತನಾಡುವ ಅದಿಶ ಕ್ಷೇತ್ರ ತಾನಾಗಿಯೇ ಇರುತ್ತದೆ, ಅದರಲ್ಲಿ ಅಲೆಗಳೇಳುತ್ತವೆ, ದ್ರವ್ಯರಾಶಿಯಿಲ್ಲದ ಕ್ಷೇತ್ರವಾದರೆ ಆ ಅಲೆಗಳು ಬೆಳಕಿನ ವೇಗದಲ್ಲಿ ಓಡುತ್ತವೆ, ಮತ್ತು ಮುಖ್ಯವಾಗಿ, ಕ್ಷೇತ್ರ ಎಲ್ಲಿ ಏರಿಳಿಯುತ್ತದೆಯೋ ಅಲ್ಲಿ ಶಕ್ತಿ ಇರುತ್ತದೆ.

ನೀವು ಕೇಳಿದ ತೂಕ ಅಲ್ಲಿಂದ ಬಂತು. ಐನ್‌ಸ್ಟೈನ್ 1915ರಲ್ಲಿ ಪೂರ್ಣಗೊಳಿಸಿದ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದಲ್ಲಿ ದೇಶಕಾಲವನ್ನು, ಅಂದರೆ ಜಾಗ ಮತ್ತು ಕಾಲ ಕೂಡಿದ ಹಂದರವನ್ನು, ಬಾಗಿಸುವುದು ಕಲ್ಲು ಮಣ್ಣಿನ ದ್ರವ್ಯರಾಶಿ ಮಾತ್ರವಲ್ಲ. ಶಕ್ತಿ, ಒತ್ತಡ, ಚಲನೆ ಎಲ್ಲವೂ ಬಾಗಿಸುತ್ತವೆ. ನೀವು ಮೂವತ್ತು ವರ್ಷ ಹೇಳಿದ ಪಾಠ ಸುಳ್ಳಲ್ಲ, ‘ಭಾರ’ ಎಂಬ ಮಾತಿನ ವ್ಯಾಪ್ತಿ ನಾವು ತಿಳಿದದ್ದಕ್ಕಿಂತ ದೊಡ್ಡದು, ಅಷ್ಟೆ. ಸಾಕಷ್ಟು ಶಕ್ತಿಯನ್ನು ಸಾಕಷ್ಟು ಚಿಕ್ಕ ಜಾಗದಲ್ಲಿ ತುರುಕಿದರೆ ಕಪ್ಪುಕುಳಿ ಆಗಿಯೇ ತೀರುತ್ತದೆ. ಸೂರ್ಯನಷ್ಟು ದ್ರವ್ಯರಾಶಿಗೆ ಆ ಜಾಗದ ತ್ರಿಜ್ಯ ಸುಮಾರು 3 ಕಿಲೋಮೀಟರ್, ಇಡೀ ಭೂಮಿಗೆ ಸುಮಾರು 9 ಮಿಲಿಮೀಟರ್.

ಅಲೆಯನ್ನು ತುರುಕುವುದು ಹೇಗೆ ಎಂಬುದಕ್ಕೆ ಒಂದು ಅಗಲವಾದ ದುಂಡನೆಯ ಪರಾತದಲ್ಲಿ ನೀರು ತುಂಬಿ, ನೀರಿನ ಅಲುಗಾಟ ಪೂರ್ತಿ ನಿಂತ ಮೇಲೆ ಅದರ ಅಂಚನ್ನು ಸುತ್ತಲೂ ಒಂದೇ ಸಲ ತಟ್ಟಿದಂತೆ ಆಗುವ ಹಾಗೆ ಪರಾತವನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿ ನೋಡಿ. ಅಂಚಿನಿಂದ ಹೊರಟ ಬಳೆಯಾಕಾರದ ಅಲೆ ಒಳಕ್ಕೆ ಬರುತ್ತ ಬರುತ್ತ ಎತ್ತರವಾಗುತ್ತದೆ, ನಡುವಿನಲ್ಲಿ ಒಂದು ಹನಿಯನ್ನು ಚಿಮ್ಮಿಸಿ ಮತ್ತೆ ಅಂಚಿನ ಕಡೆಗೆ ಹೋಗುತ್ತದೆ. ನಮ್ಮ ಲೆಕ್ಕದಲ್ಲಿ ಬಳೆಯ ಬದಲಿಗೆ ಗೋಳಾಕಾರದ ಚಿಪ್ಪಿನಂತಹ ಅಲೆ ಇರುತ್ತದೆ. ಅದು ಕೇಂದ್ರದ ಕಡೆಗೆ ಕುಸಿಯುತ್ತದೆ. ಅಲೆ ದುರ್ಬಲವಾಗಿದ್ದರೆ ಪರಾತದ ನೀರಿನಂತೆಯೇ ಕೇಂದ್ರವನ್ನು ಹಾಯ್ದು ಹೊರಗೆ ಹೋಗಿ ಚದುರಿಬಿಡುತ್ತದೆ, ಹಿಂದೆ ಏನೂ ಉಳಿಯುವುದಿಲ್ಲ. ಪ್ರಬಲವಾಗಿದ್ದರೆ ತನ್ನದೇ ಗುರುತ್ವಕ್ಕೆ ತಾನೇ ಸಿಕ್ಕಿಬಿದ್ದು, ಒಂದು ಭಾಗ ಹೊರಗೆ ತಪ್ಪಿಸಿಕೊಂಡರೂ ಉಳಿದದ್ದು ಕಪ್ಪುಕುಳಿಯಾಗುತ್ತದೆ. ಈ ಎರಡೂ ಗತಿಗಳನ್ನು ಕಂಪ್ಯೂಟರಿನ ನೆರವಿಲ್ಲದೆ, ಶುದ್ಧ ಗಣಿತದಿಂದ ಸಾಧಿಸಿ ತೋರಿಸಿದವರು ಗ್ರೀಸ್ ಮೂಲದ ಗಣಿತಜ್ಞ ದಿಮಿಟ್ರಿಯೋಸ್ ಕ್ರಿಸ್ಟೊಡೌಲೌ. ದುರ್ಬಲ ಅಲೆ ಚದುರುತ್ತದೆ ಎಂಬುದನ್ನು 1986ರಲ್ಲಿ, ಪ್ರಬಲ ಅಲೆ ಕಪ್ಪುಕುಳಿಯಾಗುತ್ತದೆ ಎಂಬುದನ್ನು 1991ರಲ್ಲಿ ಅವರು ಪ್ರಕಟಿಸಿದರು. ನಡುವೆ ಏನಾಗುತ್ತದೆ ಎಂಬ ಪ್ರಶ್ನೆ ಉಳಿದಿತ್ತು. ಮುಂದಿನ ಪತ್ರಗಳೆಲ್ಲ ಆ ನಡುವಿನ ಗೆರೆಯ ಬಗ್ಗೆಯೇ ಇವೆ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದೇನೆ. ಗೋಳ ಸಮ್ಮಿತಿಯ (ಕೇಂದ್ರದಿಂದ ಎಲ್ಲ ದಿಕ್ಕಿಗೂ ಒಂದೇ ಬಗೆಯ) ಸಮೀಕರಣಗಳನ್ನು ತೆಗೆದುಕೊಂಡು ಪೈಥಾನ್‌ನಲ್ಲಿ ಪ್ರೋಗ್ರಾಮ್ ಬರೆದಿದ್ದೇನೆ. 2ಎಂ/ಆರ್ (ಎಂ ಎಂದರೆ ಆರ್ ತ್ರಿಜ್ಯದೊಳಗಿನ ದ್ರವ್ಯರಾಶಿ, ಉದ್ದದ ಏಕಮಾನದಲ್ಲೇ ಅಳೆದದ್ದು) ಎಂಬ ಸಂಖ್ಯೆ 1 ಆದಾಗ ಕಪ್ಪುಕುಳಿ ಎಂದು ಓದಿದ್ದೆ. ನನ್ನಲ್ಲಿ ಅದು 0.99ರ ಹತ್ತಿರ ಹೋಗಿ ನಿಂತುಬಿಡುತ್ತದೆ, 1 ಆಗುವುದೇ ಇಲ್ಲ. ಕಾಲವನ್ನು ಕೇಂದ್ರದ ಗಡಿಯಾರದಿಂದ ಅಳೆದರೆ ಸಂಖ್ಯೆಗಳು ಸ್ಫೋಟಿಸುತ್ತವೆ. ಗ್ರಿಡ್ ಬಿಂದುಗಳನ್ನು (ಲೆಕ್ಕಕ್ಕಾಗಿ ತ್ರಿಜ್ಯದ ಉದ್ದಕ್ಕೆ ಗುರುತು ಹಾಕಿದ ಬಿಂದುಗಳನ್ನು) ಇಮ್ಮಡಿಸಿದರೆ ಚಿಕ್ಕ ಕಪ್ಪುಕುಳಿಗಳ ದ್ರವ್ಯರಾಶಿಯೇ ಬದಲಾಗುತ್ತದೆ. ಎಲ್ಲಿ ತಪ್ಪಿದ್ದೇನೆ? (ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ನಿಮ್ಮ ಮೂರು ತೊಂದರೆಗಳಲ್ಲಿ ಮೊದಲನೆಯದು ತಪ್ಪೇ ಅಲ್ಲ, ಎರಡನೆಯದು ಅರ್ಧ ತಪ್ಪು, ಮೂರನೆಯದು ನಿಜವಾದ ತಪ್ಪು.

ನೀವು ಬಳಸಿದ ನಿರ್ದೇಶಾಂಕಗಳಲ್ಲಿ ಎರಡು ಫಲನಗಳು ಗುರುತ್ವದ ಸಂಗತಿಯನ್ನೆಲ್ಲ ಹೊತ್ತಿರುತ್ತವೆ: ಆಯಾ ಜಾಗದಲ್ಲಿ ಗಡಿಯಾರ ಎಷ್ಟು ನಿಧಾನ ನಡೆಯುತ್ತದೆ ಎನ್ನುವ ಆಲ್ಫಾ, ಮತ್ತು ತ್ರಿಜ್ಯದ ದಿಕ್ಕಿನ ಅಳತೆ ಎಷ್ಟು ಹಿಗ್ಗಿದೆ ಎನ್ನುವ ಎ. ಎ ವರ್ಗದ ವ್ಯುತ್ಕ್ರಮವೇ 1ರಿಂದ 2ಎಂ/ಆರ್ ಕಳೆದರೆ ಉಳಿಯುವ ಸಂಖ್ಯೆ. ಅಂದರೆ 2ಎಂ/ಆರ್ 1 ಆಗಬೇಕಾದರೆ ಎ ಅನಂತವಾಗಬೇಕು. ಕಂಪ್ಯೂಟರಿನಲ್ಲಿ ಅದು ಆಗುವ ಮಾತಲ್ಲ. ಈ ನಿರ್ದೇಶಾಂಕಗಳ ಸ್ವಭಾವವೇ ಹಾಗೆ: ಕಪ್ಪುಕುಳಿಯ ಹೊಸ್ತಿಲವರೆಗೆ ಕರೆದುಕೊಂಡು ಹೋಗಿ ಅಲ್ಲೇ ನಿಲ್ಲಿಸುತ್ತವೆ, ಒಳಗೆ ಕಾಲಿಡಗೊಡುವುದಿಲ್ಲ. ದೂರದಲ್ಲಿ ಆಲ್ಫಾ 1 ಎಂದು ಇಟ್ಟುಕೊಂಡಿದ್ದರೆ ಹೊಸ್ತಿಲಿನ ಒಳಗಡೆ ಆಲ್ಫಾ ಸೊನ್ನೆಯ ಕಡೆಗೆ ಕುಸಿದು, ಅಲ್ಲಿನ ಕಾಲವೇ ಹೆಪ್ಪುಗಟ್ಟಿದಂತೆ ಕಾಣುತ್ತದೆ. ಆದ್ದರಿಂದ 2ಎಂ/ಆರ್ 0.99ನ್ನು ದಾಟಿ, ಅದರ ಶಿಖರ ಒಂದೇ ತ್ರಿಜ್ಯದಲ್ಲಿ ನಿಂತು, ಆಲ್ಫಾ ಬೀಳುತ್ತಲೇ ಇದ್ದರೆ ಕಪ್ಪುಕುಳಿಯಾಯಿತೆಂದು ತೀರ್ಮಾನಿಸಿ, ಆ ಶಿಖರದ ತ್ರಿಜ್ಯದ ಅರ್ಧವನ್ನು ದ್ರವ್ಯರಾಶಿ ಎಂದು ಬರೆದುಕೊಳ್ಳಿ. ಒಳಕ್ಕೆ ಹೋಗಲೇಬೇಕೆಂದರೆ ಒಳಮುಖವಾಗಿ ಬರುವ ಬೆಳಕಿನ ಕಿರಣಗಳಿಗೆ ಹೊಂದಿಸಿದ ಬೇರೆ ನಿರ್ದೇಶಾಂಕಗಳು ಬೇಕು. ನಿಮ್ಮ ಸದ್ಯದ ಕೆಲಸಕ್ಕೆ ಅವುಗಳ ಅಗತ್ಯವಿಲ್ಲ.

ಕೇಂದ್ರದ ಗಡಿಯಾರವನ್ನು ನೆಚ್ಚಿಕೊಂಡು ಆಲ್ಫಾವನ್ನು ಅಲ್ಲಿ 1 ಎಂದು ಇಟ್ಟರೆ, ಹೊರಗಡೆ ಅದು 1ಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗುತ್ತದೆ. ನಿಮ್ಮ ಗ್ರಿಡ್‌ನ ಮೇಲೆ ಅಲೆ ಓಡುವ ವೇಗ ಆಲ್ಫಾವನ್ನು ಎ ಇಂದ ಭಾಗಿಸಿದಷ್ಟು. ಕಾಲದ ಒಂದು ಹೆಜ್ಜೆಯಲ್ಲಿ ಅಲೆ ಗ್ರಿಡ್‌ನ ಒಂದು ಮನೆಗಿಂತ ಹೆಚ್ಚು ದೂರ ಹೋದರೆ, ನಿಮ್ಮ ಪ್ರೋಗ್ರಾಮಿಗೆ ತಿಳಿಯದ ಜಾಗದಿಂದ ಸುದ್ದಿ ಬಂದಂತಾಗಿ ಲೆಕ್ಕ ಸ್ಫೋಟಿಸುತ್ತದೆ. ಕಾಲದ ಹೆಜ್ಜೆಯನ್ನು ಮೊದಲಿಗೇ ಗೊತ್ತುಪಡಿಸಿ ಮರೆತುಬಿಟ್ಟಿರಬೇಕು. ಪ್ರತಿ ಹೆಜ್ಜೆಯಲ್ಲಿಯೂ ಇಡೀ ಗ್ರಿಡ್‌ನಲ್ಲಿ ಆ ವೇಗದ ಗರಿಷ್ಠ ಬೆಲೆಯನ್ನು ನೋಡಿ ಹೆಜ್ಜೆಯನ್ನು ಕಿರಿದಾಗಿಸಿ. ಕೇಂದ್ರದ ಗಡಿಯಾರ ಬೇಡವೆಂದಲ್ಲ. ಮುಂದಿನ ಉತ್ತರದಲ್ಲಿ ಬರುವ ಪ್ರತಿಧ್ವನಿಗಳನ್ನು ಅಳೆಯಲು ಅದೇ ಬೇಕಾಗುತ್ತದೆ.

ಕೇಂದ್ರದಲ್ಲಿ ಇನ್ನೊಂದು ಮುಳ್ಳಿದೆ, ಅದನ್ನು ನೀವು ಬರೆದಿಲ್ಲವಾದರೂ ಕಳಿಸಿದ ಚಿತ್ರದಲ್ಲಿ ಸೊನ್ನೆ ತ್ರಿಜ್ಯದ ಬಳಿ ಗರಗಸದ ಹಲ್ಲಿನಂತಹ ಏರಿಳಿತ ಕಾಣುತ್ತಿದೆ. ತ್ರಿಜ್ಯದ ವರ್ಗದಿಂದ ಭಾಗಿಸುವ ಪದವನ್ನು ನೇರವಾಗಿ ಬರೆದಿದ್ದೀರಿ. ತ್ರಿಜ್ಯ ಸೊನ್ನೆಗೆ ಹತ್ತಿರವಾದಂತೆ ಅತಿ ಸಣ್ಣ ದೋಷವೂ ಆ ಭಾಗಾಕಾರದಲ್ಲಿ ಹಿಗ್ಗುತ್ತದೆ. ಆ ಪದದಲ್ಲಿರುವ ವ್ಯುತ್ಪನ್ನವನ್ನು (ಬದಲಾವಣೆಯ ದರವನ್ನು) ತ್ರಿಜ್ಯಕ್ಕೆ ಬದಲಾಗಿ ತ್ರಿಜ್ಯದ ಘನಕ್ಕೆ ಸಂಬಂಧಿಸಿ ತೆಗೆದು 3ರಿಂದ ಗುಣಿಸಿದರೆ ಸಮೀಕರಣ ಅದೇ ಉಳಿಯುತ್ತದೆ, ಹಲ್ಲುಗಳು ಮಾಯವಾಗುತ್ತವೆ. ಕೇಂದ್ರದಲ್ಲಿ ಕ್ಷೇತ್ರದ ಇಳಿಜಾರು ಸೊನ್ನೆ, ಎ 1 ಎಂಬ ಎರಡು ನಿಯಮಗಳನ್ನೂ ಬಿಡದೆ ಹಾಕಿರಬೇಕು.

ಇನ್ನು ದ್ರವ್ಯರಾಶಿ ಬದಲಾಗುವ ಮಾತು. ನಿಮ್ಮ ಗ್ರಿಡ್ 50 ಏಕಮಾನದಷ್ಟು ಉದ್ದ, 5,000 ಬಿಂದು, ಅಂದರೆ ಮನೆಯೊಂದು 0.01. ಕಪ್ಪುಕುಳಿಯ ತ್ರಿಜ್ಯದೊಳಗೆ ಇಪ್ಪತ್ತಾದರೂ ಮನೆಗಳಿಲ್ಲದಿದ್ದರೆ ನಾನು ಆ ಸಂಖ್ಯೆಯನ್ನು ನಂಬುವುದಿಲ್ಲ. ಹಾಗಾದರೆ ನೀವು ನಂಬಬಹುದಾದ ಅತಿ ಚಿಕ್ಕ ತ್ರಿಜ್ಯ 0.2, ದ್ರವ್ಯರಾಶಿ 0.1. ನೀವು ಕಳಿಸಿದ ಪಟ್ಟಿಯಲ್ಲಿ 0.004 ದ್ರವ್ಯರಾಶಿಯ ಕಪ್ಪುಕುಳಿಗಳಿವೆ. ಅವು ಒಂದು ಮನೆಯಷ್ಟೂ ಅಗಲವಿಲ್ಲ! ಅವು ಐನ್‌ಸ್ಟೈನ್ ಸಮೀಕರಣದ ಸಂತಾನವಲ್ಲ, ನಿಮ್ಮ ಗ್ರಿಡ್‌ನ ಸಂತಾನ. ಗ್ರಿಡ್ಡನ್ನು ಇಮ್ಮಡಿ, ನಾಲ್ಮಡಿ ಮಾಡಿ ಮೂರು ಸಲ ಓಡಿಸಿ, ಒಂದನೆಯದಕ್ಕೂ ಎರಡನೆಯದಕ್ಕೂ ಇರುವ ವ್ಯತ್ಯಾಸ ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸದ ನಾಲ್ಕು ಪಟ್ಟು ಇದೆಯೇ ಎಂದು ನೋಡಿ. ನೀವು ಬಳಸಿದ ಎರಡನೆಯ ದರ್ಜೆಯ (ಮನೆ ಅರ್ಧವಾದರೆ ದೋಷ ಕಾಲು ಭಾಗವಾಗುವ) ವಿಧಾನದಲ್ಲಿ ಅದು ನಾಲ್ಕರ ಹತ್ತಿರ ಇರಲೇಬೇಕು. ಎರಡು ಅಥವಾ ಏಳು ಬಂದರೆ ಚಿತ್ರ ಎಷ್ಟೇ ಚೆಂದವಿದ್ದರೂ ಅದನ್ನು ಯಾರಿಗೂ ತೋರಿಸಬೇಡಿ.

ಪ್ರಶ್ನೆ: ಚಾಪ್ಟ್‌ಯುಯಿಕ್ ಎಂಬವರು ಕಂಪ್ಯೂಟರಿನಲ್ಲಿ ಕಂಡುಹಿಡಿದ 0.37 ಎಂಬ ಸಂಖ್ಯೆಯ ಬಗ್ಗೆ ನಮ್ಮ ತರಗತಿಯಲ್ಲಿ ಒಂದು ಮಾತು ಬಂತು. ಒಂದು ಘಾತಾಂಕಕ್ಕೆ ಅಷ್ಟು ಮಹತ್ವವೇಕೆ? (ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಭೌತವಿಜ್ಞಾನಿ ಮ್ಯಾಥ್ಯೂ ಚಾಪ್ಟ್‌ಯುಯಿಕ್ 1993ರಲ್ಲಿ ‘ಫಿಸಿಕಲ್ ರಿವ್ಯೂ ಲೆಟರ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಕೇವಲ ನಾಲ್ಕು ಪುಟದ್ದು. ಅವರು ಮಾಡಿದ್ದು ಹೇಳುವುದಕ್ಕೆ ಸರಳ. ಆರಂಭದ ಅಲೆಯ ಎತ್ತರವನ್ನು ಒಂದು ತಿರುಪು ಎಂದುಕೊಳ್ಳಿ, ಅದಕ್ಕೆ ಪಿ ಎಂದು ಹೆಸರಿಡಿ. ಪಿ ಕಡಿಮೆಯಾದರೆ ಅಲೆ ಚದುರುತ್ತದೆ, ಹೆಚ್ಚಾದರೆ ಕಪ್ಪುಕುಳಿ. ಎರಡರ ನಡುವಿನ ಬೆಲೆಯನ್ನು ಹಾಕಿ ಓಡಿಸಿ, ಚದುರಿದರೆ ಕೆಳಗಿನ ತುದಿಯನ್ನು, ಕುಸಿದರೆ ಮೇಲಿನ ತುದಿಯನ್ನು ಅಲ್ಲಿಗೆ ಸರಿಸಿ, ಮತ್ತೆ ನಡುವಿನ ಬೆಲೆ. ಹೀಗೆ 50 ಸುತ್ತು ಮಾಡಿದರೆ ಅಂತರ 10ರ 15ನೆಯ ಘಾತದಷ್ಟು ಪಟ್ಟು ಕುಗ್ಗುತ್ತದೆ. ಆ ಹೊಸ್ತಿಲ ಬೆಲೆಗೆ ಕ್ರಾಂತಿಕ ಬೆಲೆ ಎನ್ನೋಣ.

ಹೊಸ್ತಿಲಿನ ತುಸು ಮೇಲೆ ಹುಟ್ಟುವ ಕಪ್ಪುಕುಳಿ ಎಷ್ಟು ದೊಡ್ಡದಿರಬಹುದು? ಒಂದು ಕನಿಷ್ಠ ಗಾತ್ರವಿರುತ್ತದೆ, ಅದಕ್ಕಿಂತ ಚಿಕ್ಕದು ಹುಟ್ಟುವುದಿಲ್ಲ ಎಂದು ಭಾವಿಸುವುದು ಸಹಜವಾಗಿತ್ತು. ಲೆಕ್ಕ ಹೇಳಿದ್ದು ಬೇರೆ. ಪಿ ಕ್ರಾಂತಿಕ ಬೆಲೆಗೆ ಹತ್ತಿರವಾದಂತೆ ದ್ರವ್ಯರಾಶಿ ಸೊನ್ನೆಯ ಕಡೆಗೆ ಜಾರುತ್ತ ಹೋಗುತ್ತದೆ, ಮತ್ತು ಜಾರುವ ಕ್ರಮ ಕಟ್ಟುನಿಟ್ಟಿನದು: ದ್ರವ್ಯರಾಶಿ, ಪಿ ಮತ್ತು ಕ್ರಾಂತಿಕ ಬೆಲೆಯ ಅಂತರದ 0.37ನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ಅಂತರವನ್ನು 10 ಪಟ್ಟು ಕಡಿಮೆ ಮಾಡಿದರೆ ದ್ರವ್ಯರಾಶಿ ಇಳಿಯುವುದು ಸುಮಾರು 2.4 ಪಟ್ಟು ಮಾತ್ರ. ದ್ರವ್ಯರಾಶಿ 10 ಪಟ್ಟು ಇಳಿಯಬೇಕಾದರೆ ಅಂತರ ಸುಮಾರು 470 ಪಟ್ಟು ಕುಗ್ಗಬೇಕು. ಹುಬ್ಬಳ್ಳಿಯ ವಿದ್ಯಾರ್ಥಿ ತಮ್ಮ ಒಂದೇ ಅಳತೆಯ ಗ್ರಿಡ್‌ನಿಂದ ಹೆಚ್ಚು ದೂರ ಹೋಗಲಾಗದಿದ್ದುದು ಕಪ್ಪುಕುಳಿ ಹೀಗೆ ಚಿಕ್ಕದಾಗುತ್ತ ಹೋಗುವುದರಿಂದಲೇ.

ಆದರೆ ಜನ ಬೆರಗಾದದ್ದು ಇದಕ್ಕಲ್ಲ. ಅಲೆಯ ಎತ್ತರದ ಬದಲು ಅಗಲವನ್ನು ತಿರುಪು ಮಾಡಿ, ಗಂಟೆಯಾಕಾರದ ಅಲೆಯ ಬದಲು ಮೆಟ್ಟಿಲಿನಾಕಾರದ್ದನ್ನು ತೆಗೆದುಕೊಳ್ಳಿ. ಕ್ರಾಂತಿಕ ಬೆಲೆ ಪ್ರತಿ ಸಲವೂ ಬೇರೆಯಾಗುತ್ತದೆ, ಘಾತಾಂಕ ಮಾತ್ರ ಅದೇ 0.37. ಮುಂದೆ ಹೆಚ್ಚು ನಿಖರವಾಗಿ ಅದು 0.374 ಎಂದಾಯಿತು. ಇದರ ಜೊತೆಗೆ ಇನ್ನೊಂದು ವಿಚಿತ್ರವೂ ಕಂಡಿತು. ಹೊಸ್ತಿಲಿನ ಮೇಲೆ ತೂಗಾಡುವ ಕ್ಷೇತ್ರ ಕೇಂದ್ರದಲ್ಲಿ ಒಂದು ಆಕಾರದಲ್ಲಿ ಏರಿಳಿದು, ಸ್ವಲ್ಪ ಹೊತ್ತಿನ ಮೇಲೆ ಅದೇ ಆಕಾರವನ್ನು ಸುಮಾರು 31 ಪಟ್ಟು ಚಿಕ್ಕದಾಗಿ, 31 ಪಟ್ಟು ಬೇಗ ಮತ್ತೆ ಆಡಿ ತೋರಿಸುತ್ತದೆ. ಆಮೇಲೆ ಅದರ 31ನೆಯ ಒಂದು ಭಾಗದಲ್ಲಿ ಮತ್ತೊಮ್ಮೆ. ಈ ಮರುಕಳಿಕೆಗಳನ್ನೇ ಪ್ರತಿಧ್ವನಿ ಎನ್ನುತ್ತಿದ್ದೇನೆ. ಅಕ್ಕಸಾಲಿಗನ ಅಂಗಡಿಯಲ್ಲಿ ಎದುರುಬದುರು ಕನ್ನಡಿಗಳ ನಡುವೆ ನಿಂತಾಗ ಒಂದರೊಳಗೊಂದು ಚಿಕ್ಕದಾಗುತ್ತ ಹೋಗುವ ಬಿಂಬಗಳಂತೆ, ಎಂದರೆ ಹೋಲಿಕೆ ಅರ್ಧವಾಯಿತು, ಏಕೆಂದರೆ ಇಲ್ಲಿ ಕಾಲವೂ ಚಿಕ್ಕದಾಗುತ್ತ ಹೋಗುತ್ತದೆ. ಅರ್ಧ ಸುತ್ತಿಗೊಮ್ಮೆ ಕ್ಷೇತ್ರ ಧನದಿಂದ ಋಣಕ್ಕೆ ಮಗುಚಿಕೊಳ್ಳುತ್ತದೆ. ಸಮೀಕರಣದಲ್ಲಿ ಎಲ್ಲಿಯೂ 31 ಎಂಬ ಸಂಖ್ಯೆಯನ್ನು ಯಾರೂ ಬರೆದಿರಲಿಲ್ಲ. ಚಾಪ್ಟ್‌ಯುಯಿಕ್ ಬರೆದ ಪ್ರೋಗ್ರಾಮಿನಲ್ಲಿಯೂ ಇರಲಿಲ್ಲ.

ಇದೇಕೆ ಹೀಗೆ ಎನ್ನುವುದಕ್ಕೆ ನಿಮ್ಮ ಧಾರವಾಡಕ್ಕಿಂತ ಒಳ್ಳೆಯ ಊರು ಉದಾಹರಣೆಗೆ ಸಿಗಲಾರದು. ಧಾರವಾಡ ನೀರು ಹಂಚುವ ದಿಣ್ಣೆಯ ಮೇಲೆ ಕುಳಿತ ಊರು. ಒಂದು ಮಗ್ಗುಲಿಗೆ ಬಿದ್ದ ಮಳೆ ಶಾಲ್ಮಲೆಯನ್ನು ಸೇರಿ, ಬೇಡ್ತಿಯಾಗಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ; ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಹಳ್ಳಗಳ ಮೂಲಕ ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ಒಂದು ಗೇಣು ಅತ್ತ ಇತ್ತ ಬಿದ್ದ ಎರಡು ಹನಿಗಳ ಗತಿ ಎರಡು ಕಡಲು. ಈಗ ಒಂದು ಹನಿ ದಿಣ್ಣೆಯ ನೆತ್ತಿಯ ಗೆರೆಯ ಮೇಲೆಯೇ ಬಿತ್ತು ಎನ್ನಿ. ಅದು ಅತ್ತಲೂ ಬೀಳದೆ ಇತ್ತಲೂ ಬೀಳದೆ ಗೆರೆಯ ಉದ್ದಕ್ಕೇ ಜಾರಿ, ಆ ಗೆರೆಯ ಮೇಲಿನ ಅತ್ಯಂತ ತಗ್ಗಾದ ಬಿಂದುವಿಗೆ, ಎರಡು ಗುಡ್ಡಗಳ ನಡುವಿನ ಕಣಿವೆಯ ಬಾಗಿಲಿಗೆ, ಬಂದು ನಿಲ್ಲುತ್ತದೆ. ಗೆರೆಯ ಮೇಲೆ ಎಲ್ಲಿ ಬಿದ್ದರೂ ಕೊನೆಗೆ ಬಂದು ನಿಲ್ಲುವುದು ಅಲ್ಲಿಯೇ. ಆ ಬಿಂದುವೇ ಕ್ರಾಂತಿಕ ಪರಿಹಾರ, 31 ಪಟ್ಟು ಕುಗ್ಗುತ್ತ ತನ್ನನ್ನು ತಾನೇ ನಕಲು ಮಾಡಿಕೊಳ್ಳುವ ಆ ದೇಶಕಾಲ. ಅಲ್ಲಿಂದ ಕೆಳಗೆ ಜಾರಲು ಇರುವ ದಿಕ್ಕು ಒಂದೇ, ಗೆರೆಗೆ ಅಡ್ಡಲಾಗಿ: ಒಂದು ಕಡೆ ಚದುರುವಿಕೆ, ಮತ್ತೊಂದು ಕಡೆ ಕಪ್ಪುಕುಳಿ. ಹೊಸ್ತಿಲಿಗೆ ಬಹಳ ಹತ್ತಿರ ಬಿದ್ದ ಹನಿ ಆ ಬಿಂದುವಿನ ಬಳಿ ಬಹಳ ಹೊತ್ತು ತಂಗುತ್ತದೆ, ಅಷ್ಟರಲ್ಲಿ ತಾನು ಎಲ್ಲಿಂದ ಹೊರಟೆ ಎಂಬುದನ್ನು ಮರೆಯುತ್ತದೆ. ಗಂಟೆಯಾಕಾರವೋ ಮೆಟ್ಟಿಲಿನಾಕಾರವೋ ಎಂಬುದು ಕೊನೆಯ ಫಲಿತಾಂಶದಲ್ಲಿ ಕಾಣದಿರುವುದು ಈ ಮರೆವಿನಿಂದ. ಆ ಒಂದೇ ಅಡ್ಡ ದಿಕ್ಕಿನಲ್ಲಿ ಹನಿ ಎಷ್ಟು ವೇಗವಾಗಿ ಜಾರತೊಡಗುತ್ತದೆ ಎನ್ನುವ ದರದ ವ್ಯುತ್ಕ್ರಮವೇ 0.374. ಜರ್ಮನ್ ವಿಜ್ಞಾನಿ ಕಾರ್ಸ್ಟನ್ ಗುಂಡ್ಲಾಖ್ 1997ರಲ್ಲಿ, ಅಲೆಯನ್ನು ಕುಸಿಯಲು ಬಿಡದೆಯೇ, ಆ ದಿಣ್ಣೆಯ ಬಿಂದುವನ್ನು ನೇರವಾಗಿ ಕಟ್ಟಿ ಈ ದರವನ್ನು ಲೆಕ್ಕ ಹಾಕಿದರು. ಎರಡು ದಾರಿಯಿಂದ ಬಂದ ಸಂಖ್ಯೆಗಳು ಕೂಡಿಕೊಂಡವು. ನನ್ನ ಎಣಿಕೆಯಲ್ಲಿ 1993ರ ಲೇಖನಕ್ಕೆ ಪೂರ್ತಿ ಬೆಲೆ ಬಂದದ್ದು ಆಗ.

ಬಿಸಿ ಮಾಡಿದ ಕಾಂತ ತನ್ನ ಕಾಂತತ್ವವನ್ನು ಕಳೆದುಕೊಳ್ಳುವ ತಾಪಮಾನದ ಬಳಿ ಇಂತಹವೇ ಘಾತಾಂಕಗಳು ಕಾಣುತ್ತವೆ ಎಂದು ನೀವು ಉಷ್ಣಶಾಸ್ತ್ರದಲ್ಲಿ ಓದಿರುತ್ತೀರಿ. ಹೋಲಿಕೆ ಬರಿಯ ಮಾತಿನದಲ್ಲ, ಗಣಿತದ್ದು. ಆದರೆ ಅಲ್ಲಿ ಕೋಟಿಗಟ್ಟಲೆ ಪರಮಾಣುಗಳ ಗದ್ದಲವಿದೆ, ಇಲ್ಲಿ ಗದ್ದಲವೇ ಇಲ್ಲದ ಒಂದು ಅಲೆ.

ನೀವೇ ಲೆಕ್ಕ ಮಾಡುವುದಾದರೆ ಒಂದು ಎಚ್ಚರಿಕೆ. ದ್ರವ್ಯರಾಶಿಯ ಮತ್ತು ಅಂತರದ ಲಾಗರಿದಂಗಳ ನಕ್ಷೆ ಬರೆದಾಗ ಬರುವುದು ನೆಟ್ಟನೆಯ ಗೆರೆಯಲ್ಲ. ಪ್ರತಿಧ್ವನಿಯ ಕಾರಣ ಅದರ ಮೇಲೆ ಒಂದು ಸಣ್ಣ ಅಲೆ ಕುಳಿತಿರುತ್ತದೆ. ಅಂತರ 100 ಪಟ್ಟು ಬದಲಾದಾಗಲೊಮ್ಮೆ ಆ ಅಲೆ ಒಂದು ಸುತ್ತು ಮುಗಿಸುತ್ತದೆ. 10 ಪಟ್ಟಿನಷ್ಟು ಅಂತರದಲ್ಲಿ ಮಾತ್ರ ಬಿಂದುಗಳನ್ನು ತೆಗೆದುಕೊಂಡು ಇಳಿಜಾರು ಅಳೆದರೆ, ನೀವು ಅಲೆಯ ಏರಿನ ಮೇಲಿದ್ದೀರೋ ಇಳಿಯ ಮೇಲಿದ್ದೀರೋ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಪ್ರಶ್ನೆ: ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ನಮ್ಮದು. ಇಲ್ಲದ ವಸ್ತುವಿನ ತೂಕ ಹಾಕಿದಂತಿದೆ ನಿಮ್ಮ ಮಾತು. ಈ ದ್ರವ್ಯರಾಶಿಯಿಲ್ಲದ ಅದಿಶ ಕ್ಷೇತ್ರ ಎಲ್ಲಾದರೂ ಉಂಟೇ? ಇಲ್ಲವಾದರೆ ಈ ಲೆಕ್ಕ ಯಾರಿಗೆ? (ಓದುಗರು, ಹಾವೇರಿ ಜಿಲ್ಲೆ)

ಉತ್ತರ: ನೇರವಾಗಿಯೇ ಹೇಳುತ್ತೇನೆ: ಪ್ರಯೋಗಾಲಯದಲ್ಲಿ ಇದುವರೆಗೆ ಕಂಡಿಲ್ಲ. 2012ರಲ್ಲಿ ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನಲ್ಲಿ ಪತ್ತೆಯಾದ ಹಿಗ್ಸ್ ಕಣದ ಕ್ಷೇತ್ರ ಅದಿಶವೇ ಆದರೂ ಅದಕ್ಕೆ ದ್ರವ್ಯರಾಶಿಯಿದೆ. ದ್ರವ್ಯರಾಶಿ ಬಂದ ಕೂಡಲೆ ಆಟದ ನಿಯಮವೂ ಬದಲಾಗುತ್ತದೆ. ಆರಂಭದ ಅಲೆ ಸಾಕಷ್ಟು ಅಗಲವಾಗಿದ್ದರೆ ಆಗ ಹುಟ್ಟುವ ಕಪ್ಪುಕುಳಿಗೆ ನಿಜವಾಗಿಯೇ ಒಂದು ಕನಿಷ್ಠ ತೂಕವಿರುತ್ತದೆ.

ಅದಿಶ ಕ್ಷೇತ್ರವನ್ನು ಆರಿಸಿಕೊಳ್ಳುವುದು ಅದು ಅತ್ಯಂತ ಸರಳವಾದ ಸಾಮಗ್ರಿ ಎಂಬ ಕಾರಣಕ್ಕೆ. ಗೋಳಾಕಾರದ ಸಮ್ಮಿತಿಯಲ್ಲಿ ಗುರುತ್ವಕ್ಕೆ ತನ್ನದೇ ಆದ ಅಲೆಗಳಿರುವುದಿಲ್ಲ, ಆದ್ದರಿಂದ ಕುಸಿಯಲು ಬೇರೆ ಏನಾದರೂ ಬೇಕು. ಒತ್ತಡ, ತಾಪ, ರಾಸಾಯನಿಕ ಗೊಂದಲಗಳಿಲ್ಲದ ಅಲೆ ಸಿಕ್ಕರೆ ಉಳಿಯುವುದು ಗುರುತ್ವದ ಆಟ ಮಾತ್ರ. ನಿಮ್ಮ ತಕ್ಕಡಿಯನ್ನು ಪರೀಕ್ಷಿಸಲು ಮೆಣಸಿನಕಾಯಿ ಚೀಲವನ್ನಲ್ಲ, ಮುದ್ರೆಯೊತ್ತಿದ ಕಬ್ಬಿಣದ ತೂಕದ ಬಟ್ಟನ್ನು ಇಡುತ್ತಾರಲ್ಲ, ಹಾಗೆ. ಆದರೂ ಫಲ ಅಷ್ಟಕ್ಕೇ ನಿಲ್ಲಲಿಲ್ಲ. 1993ರಲ್ಲಿಯೇ ಬರಿಯ ಗುರುತ್ವ ತರಂಗಗಳ ಕುಸಿತದಲ್ಲಿ, 1994ರಲ್ಲಿ ಬೆಳಕಿನಂತಹ ವಿಕಿರಣ ತುಂಬಿದ ದ್ರವದ ಕುಸಿತದಲ್ಲಿ ಇದೇ ಬಗೆಯ ಹೊಸ್ತಿಲು ಕಂಡಿತು. ವಿಕಿರಣದಲ್ಲಿ ಘಾತಾಂಕ ಸುಮಾರು 0.36. ವಿಶ್ವದ ಮೊದಲ ಕ್ಷಣಗಳು ಅಂತಹ ವಿಕಿರಣದಿಂದಲೇ ತುಂಬಿದ್ದವು. ಆಗ ಹುಟ್ಟಿರಬಹುದಾದ ಆದಿಮ ಕಪ್ಪುಕುಳಿಗಳು ಎಷ್ಟೆಷ್ಟು ತೂಕದವು ಎಂದು ಅಂದಾಜು ಮಾಡುವವರು ಇಂದು ಈ ಸೂತ್ರವನ್ನೇ ಬಳಸುತ್ತಾರೆ.

ಪ್ರಶ್ನೆ: ಹಾಕಿಂಗ್ ಅವರು ಪಂದ್ಯ ಕಟ್ಟಿ ಸೋತದ್ದು ಇದೇ ಸಿಮ್ಯುಲೇಶನ್‌ನಿಂದ ಎನ್ನುತ್ತಾರೆ, ನಿಜವೇ? (ಪಿಯುಸಿ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ನಿಜ, ಒಂದು ಷರತ್ತಿನೊಂದಿಗೆ. ಕಪ್ಪುಕುಳಿಯ ನಡುವೆ ದೇಶಕಾಲದ ವಕ್ರತೆ ಅನಂತವಾಗುವ ಏಕತ್ವ ಇರುತ್ತದೆ, ಆದರೆ ಅದನ್ನು ದಿಗಂತ ಎಂಬ ಪರದೆ ಮುಚ್ಚಿರುತ್ತದೆ. ಪರದೆಯಿಲ್ಲದ ನಗ್ನ ಏಕತ್ವವನ್ನು ನಿಸರ್ಗ ಒಪ್ಪುವುದಿಲ್ಲ ಎಂದು 1991ರಲ್ಲಿ ಹಾಕಿಂಗ್ ಪಂದ್ಯ ಕಟ್ಟಿದರು. ಎದುರಿಗಿದ್ದವರು ಭೌತವಿಜ್ಞಾನಿಗಳಾದ ಕಿಪ್ ಥಾರ್ನ್ ಮತ್ತು ಜಾನ್ ಪ್ರೆಸ್ಕಿಲ್. ಸೋತವರು ಗೆದ್ದವರ ನಗ್ನತೆಯನ್ನು ಮುಚ್ಚಲು ಬಟ್ಟೆ ಕೊಡಬೇಕು ಎಂಬುದೂ ಪಂದ್ಯದಲ್ಲಿತ್ತು. ಪಿ ಸರಿಯಾಗಿ ಕ್ರಾಂತಿಕ ಬೆಲೆಯಲ್ಲಿದ್ದರೆ ಕಪ್ಪುಕುಳಿಯ ದ್ರವ್ಯರಾಶಿ ಸೊನ್ನೆ, ಪರದೆಯ ಗಾತ್ರವೂ ಸೊನ್ನೆ, ಆದರೆ ಕುಗ್ಗುತ್ತ ಹೋಗುವ ಪ್ರತಿಧ್ವನಿಗಳಿಂದ ಕೇಂದ್ರದಲ್ಲಿ ವಕ್ರತೆಗೆ ಮಿತಿಯೇ ಇರುವುದಿಲ್ಲ, ಮತ್ತು ಅದು ಹೊರಗಿನವರಿಗೆ ಕಾಣುತ್ತದೆ. 1997ರ ಫೆಬ್ರವರಿಯಲ್ಲಿ ಹಾಕಿಂಗ್ ಸೋಲೊಪ್ಪಿಕೊಂಡು ಬಟ್ಟೆ ಕೊಟ್ಟರು.

ಷರತ್ತು ಇದು: ತಿರುಪನ್ನು ಅನಂತ ನಿಖರತೆಯಿಂದ ಕೂರಿಸಿದಾಗ ಮಾತ್ರ ಇದು ಸಾಧ್ಯ, ಎಳ್ಳಷ್ಟು ಸರಿದರೂ ಏಕತ್ವ ಒಂದೋ ಮುಚ್ಚಿಹೋಗುತ್ತದೆ, ಇಲ್ಲವೇ ಹುಟ್ಟುವುದೇ ಇಲ್ಲ. ಆದ್ದರಿಂದ ಹಾಕಿಂಗ್ ‘ವಿಶೇಷ ಏರ್ಪಾಟಿಲ್ಲದ ಸಾಮಾನ್ಯ ಆರಂಭದಿಂದ’ ಎಂಬರ್ಥದ ಮಾತನ್ನು ಸೇರಿಸಿ ಹೊಸದಾಗಿ ಪಂದ್ಯ ಕಟ್ಟಿದರು. ಈ ಅಲೆಯ ಮಟ್ಟಿಗೆ ಅಂತಹ ನಗ್ನತೆ ನಿಲ್ಲಲಾರದು ಎಂದು ಕ್ರಿಸ್ಟೊಡೌಲೌ 1999ರಲ್ಲಿ ಸಾಧಿಸಿದರು. ಇನ್ನೊಂದು ಮಾತು: ಆ ಪ್ರತಿಧ್ವನಿ ನಿಜದಲ್ಲಿ ಕೊನೆಯಿಲ್ಲದೆ ನಡೆಯಲಾರದು. ಕುಗ್ಗುತ್ತ ಹೋಗಿ ಪ್ಲಾಂಕ್ ಉದ್ದಕ್ಕೆ, ಅಂದರೆ 10ರ ಮೈನಸ್ 35ನೆಯ ಘಾತದಷ್ಟು ಮೀಟರಿಗೆ, ಬಂದ ಮೇಲೆ ಐನ್‌ಸ್ಟೈನರ ಸಮೀಕರಣದ ಅಧಿಕಾರ ಅಲ್ಲಿಗೆ ಮುಗಿಯುತ್ತದೆ.

ಕನ್ನಡದ ಓದುಗರಿಗಾಗಿ ಇದನ್ನೂ ಸೇರಿಸುತ್ತೇನೆ. ಹೊಸ್ತಿಲಿನ ಮೇಲ್ಗಡೆ ಕಪ್ಪುಕುಳಿ ಹುಟ್ಟಿದ ಮೇಲೆ ಹೊರಗೆ ಉಳಿದ ಕ್ಷೇತ್ರ ಒಮ್ಮೆಗೇ ತಣ್ಣಗಾಗುವುದಿಲ್ಲ, ಕುಟ್ಟಿದ ಗಂಟೆಯ ನಾದದಂತೆ ಕಂಪಿಸುತ್ತ ಅಡಗುತ್ತದೆ. ಕಪ್ಪುಕುಳಿಗೆ ಅಂತಹ ನಾದವುಂಟು ಎಂಬುದನ್ನು 1970ರಲ್ಲಿ ಮೊದಲು ತೋರಿಸಿದವರು ಬೆಂಗಳೂರಿನ ಸಿ. ವಿ. ವಿಶ್ವೇಶ್ವರ, ಅಲ್ಲಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರೂ ಅವರೇ.

ಪ್ರಶ್ನೆ: ಇದಕ್ಕೆ ಎಂತಹ ಕಂಪ್ಯೂಟರ್ ಬೇಕು? (ಪದವಿ ಕಾಲೇಜಿನ ಉಪನ್ಯಾಸಕರು, ಗದಗ ಜಿಲ್ಲೆ)

ಉತ್ತರ: ಹೊಸ್ತಿಲನ್ನು ಹುಡುಕಿ ಘಾತಾಂಕದ ಒರಟು ಅಂದಾಜು ಪಡೆಯಲು ನಿಮ್ಮ ಕಾಲೇಜಿನ ಹಳೆಯ ಡೆಸ್ಕ್‌ಟಾಪ್ ಸಾಕು. ಪ್ರತಿಧ್ವನಿ ಕಾಣಬೇಕೆಂದರೆ ಯಂತ್ರಕ್ಕಿಂತ ಪ್ರೋಗ್ರಾಮು ಜಾಣವಾಗಿರಬೇಕು. ಮೂರು ಪ್ರತಿಧ್ವನಿಗಳಷ್ಟರಲ್ಲಿ ರಚನೆ ಸುಮಾರು 30,000 ಪಟ್ಟು ಕುಗ್ಗಿರುತ್ತದೆ. ಎಲ್ಲ ಕಡೆಯೂ ಒಂದೇ ಅಳತೆಯ ಗ್ರಿಡ್ ಹಾಕಿ ಅದನ್ನು ಹಿಡಿಯಹೊರಟರೆ ಮುಗಿಯದ ಕೆಲಸ. ಎಲ್ಲಿ ಕ್ಷೇತ್ರ ಕಡಿದಾಗುತ್ತದೆಯೋ ಅಲ್ಲಿ ಮಾತ್ರ, ಆಗ ಮಾತ್ರ, ಗ್ರಿಡ್‌ನೊಳಗೆ ಇನ್ನೂ ಸಣ್ಣ ಗ್ರಿಡ್ ಹೊಲಿಯುತ್ತ ಹೋಗುವ ವಿಧಾನವನ್ನು ಮಾರ್ಷಾ ಬರ್ಗರ್ ಮತ್ತು ಜೋಸೆಫ್ ಆಲಿಗರ್ 1984ರಲ್ಲಿ ಕೊಟ್ಟಿದ್ದರು, ಚಾಪ್ಟ್‌ಯುಯಿಕ್ ಅದನ್ನೇ ಬಳಸಿದರು. ನಿಮ್ಮ ವಿದ್ಯಾರ್ಥಿಗಳಿಗೆ ಅದು ಕಷ್ಟವೆನಿಸಿದರೆ ಡೇವಿಡ್ ಗಾರ್ಫಿಂಕಲ್ 1995ರಲ್ಲಿ ತೋರಿಸಿದ ದಾರಿ ಹಿಡಿಯಲಿ: ಗ್ರಿಡ್ ಬಿಂದುಗಳನ್ನು ಒಳಕ್ಕೆ ಬರುವ ಬೆಳಕಿನ ಕಿರಣಗಳ ಮೇಲೆ ಕೂರಿಸಿದರೆ ಅವು ತಾವಾಗಿಯೇ ಕೇಂದ್ರದ ಕಡೆಗೆ ಸರಿಯುತ್ತವೆ, ಕೇಂದ್ರವನ್ನು ಮುಟ್ಟಿದವುಗಳನ್ನು ಕೈಬಿಟ್ಟು ಉಳಿದವುಗಳ ನಡುವೆ ಹೊಸ ಬಿಂದುಗಳನ್ನು ತುಂಬಿದರೆ ಆಯಿತು. ಸಾಮಾನ್ಯ ಕಂಪ್ಯೂಟರಿನ ಡಬಲ್ ಪ್ರಿಸಿಷನ್ (ಹೆಚ್ಚೆಂದರೆ 17 ಅಂಕೆಗಳ) ಸಂಖ್ಯೆಗಳಲ್ಲಿ ಮೂರರಿಂದ ನಾಲ್ಕು ಪ್ರತಿಧ್ವನಿಗಳು ಕಾಣುತ್ತವೆ, ಅದಕ್ಕಿಂತ ಹೆಚ್ಚು ಕಾಣುವುದಿಲ್ಲ. ತಿರುಪನ್ನು ಇನ್ನೂ ಸಣ್ಣದಾಗಿ ತಿರುಗಿಸಲು ಅಂಕೆಗಳೇ ಉಳಿದಿರುವುದಿಲ್ಲ.

ಓಟವನ್ನು ರಾತ್ರಿಯೆಲ್ಲ ಬಿಟ್ಟು ಮಲಗುವುದಾದರೆ ಪ್ರತಿ ಸುತ್ತಿನ ಕೊನೆಗೆ ಪಿಯ ಎರಡು ತುದಿಗಳನ್ನು ಫೈಲಿಗೆ ಬರೆಸಿಡಿ. ಒಂದು ಮಳೆಗಾಲದ ರಾತ್ರಿ 38ನೆಯ ಸುತ್ತಿನಲ್ಲಿ ನನ್ನ ಮನೆಯ ಕರೆಂಟು ಹೋಯಿತು. ಬೆಳಗ್ಗೆ ನೋಟ್‌ಬುಕ್ಕಿನಲ್ಲಿ ಇದ್ದದ್ದು ಪರದೆಯ ಮೇಲೆ ಕಂಡಂತೆ ಬರೆದುಕೊಂಡಿದ್ದ ಆರು ಅಂಕೆಗಳು. ಹಾಗಾಗಿ 20ನೆಯ ಸುತ್ತಿನ ಆಚೆಯದ್ದನ್ನೆಲ್ಲ ಮತ್ತೆ ಮಾಡಬೇಕಾಯಿತು. 17 ಅಂಕೆಗಳನ್ನೂ ಬರೆಸಿ.